ಸಿರಿಯಾ ಒಪ್ಪಿಕೊಂಡರೆ ಜಾರ್ಜಿಯಾಕ್ಕೇನು? ಒಡೆದುಹೋದ ನೆಲ, ಹೊರಗಿನವರ ಮಾನ್ಯತೆ ಮತ್ತು ಮುರಿಯುವ ರಾಜತಾಂತ್ರಿಕ ಸಂಬಂಧ

2018ರ ಮೇ 29ರಂದು ಸಿರಿಯಾ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು. ಜಾರ್ಜಿಯಾದ ಹಿಡಿತ ತಪ್ಪಿದ ಅಬ್ಖಾಜಿಯಾ ಮತ್ತು ದಕ್ಷಿಣ ಒಸ್ಸೇಟಿಯಾ ಎಂಬ ಎರಡು ಪ್ರದೇಶಗಳನ್ನು ಸ್ವತಂತ್ರ ದೇಶಗಳೆಂದು ಒಪ್ಪಿಕೊಂಡಿದ್ದೇವೆ ಎಂಬುದು ಅದರ ಸಾರ. ಅದೇ ದಿನ ಜಾರ್ಜಿಯಾ, ಸಿರಿಯಾ ಜೊತೆಗಿನ ರಾಜತಾಂತ್ರಿಕ ಸಂಬಂಧ ಕಡಿದುಕೊಳ್ಳುವುದಾಗಿ ಹೇಳಿತು. ಎರಡೂ ದೇಶಗಳ ನಡುವೆ ಗಡಿಯಿಲ್ಲ, ಮಧ್ಯದಲ್ಲಿ ಇಡೀ ಟರ್ಕಿ ಇದೆ. ಹೇಳಿಕೊಳ್ಳುವಂಥ ವ್ಯಾಪಾರವೂ ಇರಲಿಲ್ಲ. ಸಿರಿಯಾ ಆಗ ತನ್ನದೇ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಆದರೂ ಜಾರ್ಜಿಯಾಕ್ಕೆ ಅಷ್ಟು ಅವಸರವೇಕಿತ್ತು?

ಇಂಥ ಸುದ್ದಿ ಆಗಾಗ ಬರುತ್ತದೆ. 2022ರ ಜೂನ್‌ನಲ್ಲಿ ಅದೇ ಸಿರಿಯಾ ಉಕ್ರೇನ್‌ನಿಂದ ಒಡೆದುಹೋದ ದೊನೆತ್ಸ್ಕ್ ಮತ್ತು ಲುಹಾನ್ಸ್ಕ್ ಪ್ರದೇಶಗಳಿಗೆ ಮಾನ್ಯತೆ ಕೊಟ್ಟಾಗ ಉಕ್ರೇನ್ ಕೂಡ ಸಂಬಂಧ ಕಡಿದುಕೊಂಡಿತು. ಮುಂದಿನ ತಿಂಗಳು ಉತ್ತರ ಕೊರಿಯಾ ಅದೇ ದಾರಿ ಹಿಡಿದಾಗ ಅದರೊಂದಿಗೂ ಹಾಗೆಯೇ ಮಾಡಿತು. ‘ಸಂಬಂಧ ಕಡಿತ’ ಎಂದು ಶೀರ್ಷಿಕೆ ಓದಿ ನಾವು ಮುಂದೆ ಹೋಗುತ್ತೇವೆ. ಅದರ ಹಿಂದಿನ ಲೆಕ್ಕಾಚಾರ ಅರ್ಥವಾಗಬೇಕಾದರೆ ಜಾರ್ಜಿಯಾದ ಕಥೆಯಷ್ಟು ಅನುಕೂಲದ ಉದಾಹರಣೆ ಇನ್ನೊಂದಿಲ್ಲ. ಸರ್ಕಾರವೊಂದು ಮಾಡಬಹುದಾದ ಹೆಚ್ಚುಕಡಿಮೆ ಎಲ್ಲವನ್ನೂ ಅದು ಮಾಡಿ ನೋಡಿದೆ.

ಜಗಳದ ಬೇರು

ಇದು ಅಮೆರಿಕದ ಜಾರ್ಜಿಯಾ ರಾಜ್ಯವಲ್ಲ. ಕಪ್ಪು ಸಮುದ್ರದ ಪೂರ್ವ ದಂಡೆಯಲ್ಲಿ, ಕಾಕಸಸ್ ಪರ್ವತಗಳ ದಕ್ಷಿಣಕ್ಕಿರುವ, ಸುಮಾರು 37 ಲಕ್ಷ ಜನರ ದೇಶ. ರಾಜಧಾನಿ ಟಿಬಿಲಿಸಿ. ಸೋವಿಯತ್ ಒಕ್ಕೂಟದ 15 ಗಣರಾಜ್ಯಗಳಲ್ಲಿ ಇದೂ ಒಂದಾಗಿತ್ತು. ಅದರೊಳಗೆ ಅಬ್ಖಾಜಿಯಾಕ್ಕೆ ಸ್ವಾಯತ್ತ ಗಣರಾಜ್ಯದ ಸ್ಥಾನವಿತ್ತು, ದಕ್ಷಿಣ ಒಸ್ಸೇಟಿಯಾಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸ್ವಾಯತ್ತ ಪ್ರಾಂತದ ಸ್ಥಾನ.

ಅಬ್ಖಾಜರೂ ಒಸ್ಸೇಟಿಯನ್ನರೂ ತಾವು ಜಾರ್ಜಿಯನ್ನರಲ್ಲ, ಬೇರೆಯೇ ಜನ ಎನ್ನುತ್ತಾರೆ. ಭಾಷೆಯೂ ಬೇರೆ. ಒಸ್ಸೇಟಿಯನ್ ಭಾಷೆಯಂತೂ ಪರ್ಷಿಯನ್ ನುಡಿಯ ದೂರದ ನೆಂಟ. ಆದರೆ 1989ರ ಜನಗಣತಿಯ ಪ್ರಕಾರ ಅಬ್ಖಾಜಿಯಾದಲ್ಲಿ ಅಬ್ಖಾಜರ ಪ್ರಮಾಣ ಶೇಕಡ 18ರಷ್ಟಿತ್ತು, ಜಾರ್ಜಿಯನ್ನರದ್ದು ಶೇಕಡ 45ಕ್ಕೂ ಹೆಚ್ಚು. ನೆಲ ಯಾರದ್ದು ಎಂಬ ಪ್ರಶ್ನೆ ಇಲ್ಲಿ ಯಾಕೆ ಇಷ್ಟು ಕಗ್ಗಂಟಾಯಿತು ಎಂಬುದಕ್ಕೆ ಈ ಎರಡು ಅಂಕಿಗಳು ಸಾಕು.

ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಾಗ, 1990ರ ಡಿಸೆಂಬರ್‌ನಲ್ಲಿ, ಜಾರ್ಜಿಯಾ ದಕ್ಷಿಣ ಒಸ್ಸೇಟಿಯಾದ ಸ್ವಾಯತ್ತತೆಯನ್ನು ರದ್ದುಮಾಡಿತು. ಅಲ್ಲಿ ಯುದ್ಧವಾಯಿತು. 1992–93ರಲ್ಲಿ ಅಬ್ಖಾಜಿಯಾದಲ್ಲೂ ಯುದ್ಧವಾಗಿ, ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆಮಠ ಬಿಟ್ಟು ಓಡಬೇಕಾಯಿತು. ಆಮೇಲಿನ ಒಂದೂವರೆ ದಶಕ ಎರಡೂ ಪ್ರದೇಶಗಳ ಬಹುಭಾಗ ಟಿಬಿಲಿಸಿಯ ಹಿಡಿತದಲ್ಲಿ ಇರಲಿಲ್ಲ. ಆದರೆ ಜಗತ್ತಿನ ಯಾವ ದೇಶವೂ, ರಷ್ಯಾ ಕೂಡ, ಅವನ್ನು ಪ್ರತ್ಯೇಕ ದೇಶವೆಂದು ಒಪ್ಪಿರಲಿಲ್ಲ.

2008ರ ಆಗಸ್ಟ್‌ನಲ್ಲಿ ಐದು ದಿನಗಳ ಯುದ್ಧ ಎಲ್ಲವನ್ನೂ ಬದಲಿಸಿತು. ಐರೋಪ್ಯ ಒಕ್ಕೂಟದ ಕೋರಿಕೆಯಂತೆ ಸ್ವಿಸ್ ರಾಜತಂತ್ರಜ್ಞೆ ಹೈಡಿ ತಾಲ್ಯಾವೀನಿ ನೇತೃತ್ವದ ಆಯೋಗ ತನಿಖೆ ನಡೆಸಿ 2009ರಲ್ಲಿ ಕೊಟ್ಟ ವರದಿ ಎರಡೂ ಕಡೆಯವರಿಗೆ ಕಹಿಯಾಗಿತ್ತು. ಆಗಸ್ಟ್ 7ರ ರಾತ್ರಿ ದಕ್ಷಿಣ ಒಸ್ಸೇಟಿಯಾದ ತ್ಸ್ಖಿನ್‌ವಾಲಿ ಪಟ್ಟಣದ ಮೇಲೆ ಜಾರ್ಜಿಯಾ ನಡೆಸಿದ ಫಿರಂಗಿ ದಾಳಿಗೆ ಕಾನೂನಿನ ಸಮರ್ಥನೆಯಿಲ್ಲ ಎಂದ ಆ ವರದಿಯೇ, ರಷ್ಯಾದ ಸೇನೆ ಮುಂದೆ ಜಾರ್ಜಿಯಾದ ಒಳಗೆ ನುಗ್ಗಿದ್ದು ಆತ್ಮರಕ್ಷಣೆಯ ಮಿತಿ ಮೀರಿತ್ತು ಎಂದೂ ಹೇಳಿತು. ಯುದ್ಧ ನಿಂತು ಎರಡು ವಾರವಾಗುತ್ತಲೇ, ಆಗಸ್ಟ್ 26ರಂದು, ರಷ್ಯಾದ ಅಧ್ಯಕ್ಷ ದ್ಮಿತ್ರಿ ಮೆಡ್ವೆಡೆವ್ ಎರಡೂ ಪ್ರದೇಶಗಳಿಗೆ ಮಾನ್ಯತೆ ಘೋಷಿಸಿದರು.

ಮಾನ್ಯತೆ ಎಂದರೆ ಏನು, ಕೊಡುವವರು ಯಾರು?

ಒಂದು ಪ್ರದೇಶ ದೇಶವೆನಿಸಿಕೊಳ್ಳಲು ಬೇಕಾದ ಲಕ್ಷಣಗಳನ್ನು 1933ರ ಮಾಂಟೆವಿಡಿಯೊ ಒಪ್ಪಂದ ಪಟ್ಟಿ ಮಾಡಿದೆ. ನೆಲೆನಿಂತ ಜನ, ಗುರುತಿಸಬಹುದಾದ ನೆಲ, ಆಳುವ ಸರ್ಕಾರ, ಬೇರೆ ದೇಶಗಳೊಂದಿಗೆ ವ್ಯವಹರಿಸುವ ಸಾಮರ್ಥ್ಯ. ಇಷ್ಟಿದ್ದರೆ ದೇಶ ತಾನಾಗಿಯೇ ದೇಶ, ಉಳಿದವರ ಒಪ್ಪಿಗೆ ಬರೀ ಔಪಚಾರಿಕ ಎನ್ನುವ ಕಾನೂನು ತಜ್ಞರಿದ್ದಾರೆ. ಉಳಿದವರು ಒಪ್ಪದಿದ್ದರೆ ದೇಶವೇ ಅಲ್ಲ ಎನ್ನುವವರೂ ಇದ್ದಾರೆ. ವ್ಯವಹಾರದಲ್ಲಿ ಸತ್ಯ ಇವೆರಡರ ನಡುವೆ ಎಲ್ಲೋ ಇದೆ. ಧ್ವಜ, ಸಂಸತ್ತು, ಪೊಲೀಸರು ಎಲ್ಲ ಇದ್ದೂ ಪಾಸ್‌ಪೋರ್ಟ್ ಯಾವ ವಿಮಾನ ನಿಲ್ದಾಣದಲ್ಲೂ ನಡೆಯದಿದ್ದರೆ, ಆ ದೇಶದಲ್ಲಿ ಬದುಕುವವನಿಗೆ ತತ್ವಜಿಜ್ಞಾಸೆಯಿಂದ ಪ್ರಯೋಜನವಿಲ್ಲ.

ನಮ್ಮ ಹಳ್ಳಿಗಳ ಜಮೀನು ತಕರಾರು ನೆನಪಿಸಿಕೊಳ್ಳಿ. ಪಹಣಿ ಒಬ್ಬನ ಹೆಸರಿನಲ್ಲಿದೆ, ಉಳುತ್ತಿರುವವನು ಇನ್ನೊಬ್ಬ. ಊರಿನವರು ಒಬ್ಬೊಬ್ಬರಾಗಿ ಉಳುವವನನ್ನೇ ಯಜಮಾನ ಎಂದು ಕರೆಯಲು, ಅವನಿಂದಲೇ ಗುತ್ತಿಗೆ ಪಡೆಯಲು ಶುರುಮಾಡಿದರೆ ಪಹಣಿದಾರ ಸುಮ್ಮನೆ ಕೂರುವಂತಿಲ್ಲ. ಪ್ರತಿ ಸಲವೂ ತಕರಾರು ಸಲ್ಲಿಸುತ್ತಲೇ ಇರಬೇಕು. ಇಲ್ಲದಿದ್ದರೆ ‘ಅಷ್ಟು ವರ್ಷ ಸುಮ್ಮನಿದ್ದೆಯಲ್ಲ’ ಎಂಬ ಮಾತು ಮುಂದೊಂದು ದಿನ ಅವನ ಕೊರಳಿಗೇ ಬೀಳುತ್ತದೆ. ದೇಶಗಳ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ತಹಶೀಲ್ದಾರ್ ಇಲ್ಲ. ಯಾವುದು ದೇಶ, ಯಾವುದಲ್ಲ ಎಂದು ಖಾತೆ ಮಾಡಿಕೊಡುವ ಕಚೇರಿ ಜಗತ್ತಿನಲ್ಲಿ ಎಲ್ಲೂ ಇಲ್ಲ.

ವಿಶ್ವಸಂಸ್ಥೆ ಆ ಕೆಲಸ ಮಾಡುತ್ತದಲ್ಲವೇ? ಇಲ್ಲ. ಅದು ಸದಸ್ಯತ್ವ ಕೊಡುತ್ತದೆ, ಅಷ್ಟೆ. ಅದಕ್ಕೂ ಭದ್ರತಾ ಮಂಡಳಿಯ ಶಿಫಾರಸು ಬೇಕು, ಅಲ್ಲಿ ಐದು ದೇಶಗಳಿಗೆ ವೀಟೊ ಅಧಿಕಾರವಿದೆ. ಹೀಗಾಗಿ ಮಾನ್ಯತೆ ಎಂಬುದು ಒಂದೊಂದು ದೇಶವೂ ತನ್ನ ಮಟ್ಟಿಗೆ, ತನ್ನ ಲಾಭನಷ್ಟ ನೋಡಿಕೊಂಡು ತೆಗೆದುಕೊಳ್ಳುವ ತೀರ್ಮಾನ. ಖಾತೆ ಇಲ್ಲದ ಕಡೆ ಎಣಿಕೆಯೇ ಎಲ್ಲ. ಒಪ್ಪಿದವರು ಎಷ್ಟು ಎಂಬ ಸಂಖ್ಯೆ ಏರದಂತೆ ನೋಡಿಕೊಳ್ಳುವುದೇ ನೆಲ ಕಳೆದುಕೊಂಡ ಸರ್ಕಾರದ ಮೊದಲ ಕೆಲಸವಾಗುತ್ತದೆ. ಸಿರಿಯಾ ಜೊತೆ ಸಂಬಂಧ ಕಡಿದುಕೊಂಡಾಗ ಜಾರ್ಜಿಯಾ ಮಾತಾಡುತ್ತಿದ್ದದ್ದು ಸಿರಿಯಾದ ಕೂಡೆ ಅಲ್ಲ. ಸಾಲಿನಲ್ಲಿ ಮುಂದೆ ಬರಬಹುದಾಗಿದ್ದ ದೇಶದ ಕೂಡೆ.

ಪ್ರತಿಭಟನೆಯ ಮೆಟ್ಟಿಲುಗಳು

ಇಂಥ ಸಂದರ್ಭದಲ್ಲಿ ಸರ್ಕಾರದ ಮುಂದೆ ಹಲವು ದಾರಿಗಳಿರುತ್ತವೆ, ಹಗುರದಿಂದ ಭಾರದವರೆಗೆ. ತೀರಾ ಹಗುರವಾದದ್ದು ಖಂಡನೆಯ ಹೇಳಿಕೆ. ಅದರ ಮೇಲಿನದು, ಆ ದೇಶದ ರಾಯಭಾರಿಯನ್ನು ವಿದೇಶಾಂಗ ಸಚಿವಾಲಯಕ್ಕೆ ಕರೆಸಿಕೊಂಡು ಕೈಗೆ ಪ್ರತಿಭಟನಾ ಪತ್ರ ಕೊಡುವುದು. ಅದೂ ಸಾಲದೆನಿಸಿದರೆ ಅಲ್ಲಿರುವ ತನ್ನ ರಾಯಭಾರಿಯನ್ನು ‘ಸಮಾಲೋಚನೆಗಾಗಿ’ ವಾಪಸ್ ಕರೆಸಿಕೊಳ್ಳುತ್ತದೆ. ಇದು ಸಿಟ್ಟಿನ ಸಭ್ಯ ರೂಪ. ಕಚೇರಿ ತೆರೆದೇ ಇರುತ್ತದೆ, ಕಿರಿಯ ಅಧಿಕಾರಿ ನಡೆಸುತ್ತಾರೆ, ಕೋಪ ತಣಿದ ಮೇಲೆ ರಾಯಭಾರಿ ಸದ್ದಿಲ್ಲದೆ ಮರಳುತ್ತಾರೆ. ಎದುರಿನವರ ರಾಯಭಾರಿಯನ್ನೇ ಹೊರಹಾಕುವುದು ಇದಕ್ಕಿಂತ ಕಟು. ಯಾಕೆಂದು ಕಾರಣ ಕೊಡಬೇಕಾಗಿಲ್ಲ ಎಂದು 1961ರ ವಿಯೆನ್ನಾ ಒಪ್ಪಂದ ಹೇಳುತ್ತದೆ.

ಕೊನೆಯದು ಸಂಬಂಧ ಕಡಿತ. ಇದು ಯುದ್ಧ ಘೋಷಣೆಯಲ್ಲ. ವ್ಯಾಪಾರ ನಿಲ್ಲಬೇಕೆಂದಿಲ್ಲ, ಪ್ರವಾಸ ನಿಲ್ಲಬೇಕೆಂದಿಲ್ಲ, ಪಾಸ್‌ಪೋರ್ಟ್, ವೀಸಾದಂಥ ಕಾನ್ಸುಲರ್ ಸೇವೆ ಕೂಡ ತಾನಾಗಿಯೇ ರದ್ದಾಗುವುದಿಲ್ಲ. ನಿಲ್ಲುವುದು ಸರ್ಕಾರಗಳ ನಡುವಿನ ನೇರ ಮಾತುಕತೆಯ ಬಾಗಿಲು. ರಾಯಭಾರ ಕಚೇರಿ ಮುಚ್ಚುತ್ತದೆ. ಆದರೆ ಕಟ್ಟಡ ಮತ್ತು ಕಡತಗಳನ್ನು ಆತಿಥೇಯ ದೇಶ ಮುಟ್ಟುವಂತಿಲ್ಲ, ಯುದ್ಧ ನಡೆಯುತ್ತಿದ್ದರೂ ಸಹ. ತನ್ನ ನಾಗರಿಕರ ಕೆಲಸ ನೋಡಿಕೊಳ್ಳಲು ಮೂರನೆಯ ದೇಶವೊಂದನ್ನು ಕೇಳಿಕೊಳ್ಳಬಹುದು. ಈ ಮಧ್ಯಸ್ಥಿಕೆಯ ಕೆಲಸದಲ್ಲಿ ಸ್ವಿಟ್ಜರ್‌ಲೆಂಡ್ ಪಳಗಿದ ಕೈ.

ದೊಡ್ಡವರ ಮುಂದೆ

ರಷ್ಯಾ ಮಾನ್ಯತೆ ಕೊಟ್ಟ ಎರಡೇ ದಿನಕ್ಕೆ, 2008ರ ಆಗಸ್ಟ್ 28ರಂದು, ಜಾರ್ಜಿಯಾದ ಸಂಸತ್ತು ಎರಡೂ ಪ್ರದೇಶಗಳನ್ನು ರಷ್ಯಾ ಆಕ್ರಮಿತ ನೆಲವೆಂದು ಘೋಷಿಸಿ, ಸಂಬಂಧ ಕಡಿದುಕೊಳ್ಳುವಂತೆ ಸರ್ಕಾರಕ್ಕೆ ಹೇಳಿತು. ಮರುದಿನವೇ ಸರ್ಕಾರ ಹಾಗೆ ಮಾಡುವುದಾಗಿ ಪ್ರಕಟಿಸಿತು. ಸೋವಿಯತ್ ಪತನದ ನಂತರ ಹುಟ್ಟಿದ ಸ್ವತಂತ್ರ ದೇಶಗಳ ಕಾಮನ್‌ವೆಲ್ತ್ ಕೂಟದಿಂದಲೂ ಜಾರ್ಜಿಯಾ ಹೊರಬಂತು. ಅಕ್ಟೋಬರ್‌ನಲ್ಲಿ ‘ಆಕ್ರಮಿತ ಪ್ರದೇಶಗಳ ಕಾನೂನು’ ತಂದಿತು.

‘ಆಕ್ರಮಿತ’ ಎಂದು ಕರೆದದ್ದು ಬರೀ ಬೈಗುಳವಲ್ಲ. ಪ್ರತ್ಯೇಕತಾವಾದಿಗಳು ಮತ್ತು ತಾಯಿದೇಶದ ನಡುವಿನ ಒಳಜಗಳ ಎಂದರೆ ಹೊರಗಿನವರು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಪರದೇಶದ ಸೈನ್ಯ ಕೂತಿರುವ ನೆಲ ಎಂದರೆ ಅಲ್ಲಿ ನಡೆಯುವುದಕ್ಕೆಲ್ಲ ಆ ಸೈನ್ಯದ ದೇಶವೇ ಹೊಣೆ. ಈ ವಾದ ಒಂದು ಕಡೆ ಫಲ ಕೊಟ್ಟಿತು, ಇನ್ನೊಂದು ಕಡೆ ಕೊಡಲಿಲ್ಲ. ಜನಾಂಗೀಯ ತಾರತಮ್ಯ ವಿರೋಧಿ ಒಪ್ಪಂದದ ಅಡಿ ಜಾರ್ಜಿಯಾ ಹೂಡಿದ ದಾವೆಯನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2011ರಲ್ಲಿ ತನಗೆ ಅಧಿಕಾರ ವ್ಯಾಪ್ತಿಯಿಲ್ಲವೆಂದು ಕೈಬಿಟ್ಟಿತು. ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಮಾತ್ರ 2021ರ ಜನವರಿಯಲ್ಲಿ, ಯುದ್ಧ ನಿಂತ ಮೇಲೆ ಆ ನೆಲ ರಷ್ಯಾದ ನಿಯಂತ್ರಣದಲ್ಲಿತ್ತು, ಅಲ್ಲಿನ ಹಕ್ಕು ಉಲ್ಲಂಘನೆಗಳಿಗೆ ರಷ್ಯಾ ಹೊಣೆ ಎಂದು ತೀರ್ಪು ಕೊಟ್ಟಿತು.

ಹಾಗಾದರೆ ಜಾರ್ಜಿಯಾ–ರಷ್ಯಾ ನಡುವೆ ಎಲ್ಲವೂ ಬಂದ್ ಆಯಿತೇ? ಇಲ್ಲಿದೆ ಸ್ವಾರಸ್ಯ. 2009ರಿಂದ ಎರಡೂ ದೇಶಗಳು ಸ್ವಿಸ್ ರಾಯಭಾರ ಕಚೇರಿಯ ನೆರಳಿನಲ್ಲಿ ಒಂದೊಂದು ವಿಭಾಗ ಇಟ್ಟುಕೊಂಡಿವೆ. 2012ರಲ್ಲಿ ಜಾರ್ಜಿಯಾ ತಾನಾಗಿಯೇ ರಷ್ಯನ್ನರಿಗೆ ವೀಸಾ ಬೇಡವೆಂದಿತು. 2006ರಲ್ಲಿ ನಿಷೇಧಿಸಿದ್ದ ಜಾರ್ಜಿಯನ್ ವೈನನ್ನು ರಷ್ಯಾ 2013ರಲ್ಲಿ ಮತ್ತೆ ಒಳಬಿಟ್ಟುಕೊಂಡಿತು. 2023ರಲ್ಲಿ ನೇರ ವಿಮಾನಗಳೂ ಮತ್ತೆ ಶುರುವಾದವು. ಪ್ರವಾಸಿ ಬರುತ್ತಾನೆ, ವೈನ್ ಹೋಗುತ್ತದೆ, ರಾಯಭಾರಿ ಮಾತ್ರ ಇಲ್ಲ. ರಷ್ಯಾ ಮಾನ್ಯತೆಯನ್ನು ಹಿಂತೆಗೆದುಕೊಂಡೂ ಇಲ್ಲ. ದೊಡ್ಡ ನೆರೆಯವನ ಮೇಲೆ ಸಂಬಂಧ ಕಡಿತದಿಂದ ಹೆಚ್ಚಿನ ಒತ್ತಡ ಬೀಳುವುದಿಲ್ಲ. ಅದು ಮುಖ್ಯವಾಗಿ ತಕರಾರು ಜೀವಂತವಿದೆ ಎಂಬುದರ ದಾಖಲೆ.

ಜಾರ್ಜಿಯಾಕ್ಕೆ ದೊಡ್ಡ ಗೆಲುವು ಬೇರೆ ಕಡೆ ಸಿಕ್ಕಿತು. ಮಾನ್ಯತೆ ಘೋಷಿಸಿದ ಎರಡನೆಯ ದಿನವೇ ಮೆಡ್ವೆಡೆವ್ ತಜಿಕಿಸ್ತಾನದ ದುಶಾಂಬೆಯಲ್ಲಿ, ರಷ್ಯಾ, ಚೀನಾ ಮತ್ತು ಮಧ್ಯ ಏಷ್ಯಾ ದೇಶಗಳ ಕೂಟವಾದ ಶಾಂಘೈ ಸಹಕಾರ ಸಂಘಟನೆಯ ಸಭೆಗೆ ಹೋದರು. ಚೀನಾ ಆಗಲಿ, ಮಧ್ಯ ಏಷ್ಯಾದ ದೇಶಗಳಾಗಲಿ ಮಾನ್ಯತೆ ಕೊಡಲಿಲ್ಲ. ತೈವಾನ್, ಟಿಬೆಟ್ ಪ್ರಶ್ನೆಗಳಿರುವ ಚೀನಾಕ್ಕೆ ಒಡೆದುಹೋಗುವವರನ್ನು ಹುರಿದುಂಬಿಸುವುದು ಹೇಗೂ ಹಿಡಿಸದು. ರಷ್ಯಾದ ಆಪ್ತ ಬೆಲಾರುಸ್ ಕೂಡ ಹಿಂದೇಟು ಹಾಕಿತು. ಭಾರತವೂ ಗುರುತಿಸಿಲ್ಲ.

ಪುಟ್ಟ ದ್ವೀಪಗಳ ಸರದಿ

ರಷ್ಯಾದ ಹಿಂದೆ ಬಂದವು ನಿಕಾರಗುವ (2008) ಮತ್ತು ವೆನೆಜುವೆಲಾ (2009). ನಿಕಾರಗುವದೊಂದಿಗೆ ಜಾರ್ಜಿಯಾ 2008ರ ನವೆಂಬರ್‌ನಲ್ಲಿ ಸಂಬಂಧ ಕಡಿದುಕೊಂಡಿತು. ಆಮೇಲೆ ಕಥೆ ಶಾಂತ ಮಹಾಸಾಗರಕ್ಕೆ ಹಾರಿತು. 21 ಚದರ ಕಿಲೋಮೀಟರ್‌ನ, ನಮ್ಮ ಒಂದು ದೊಡ್ಡ ಹೋಬಳಿಗಿಂತ ಕಡಿಮೆ ಜನರಿರುವ ನೌರು ದ್ವೀಪ 2009ರ ಡಿಸೆಂಬರ್‌ನಲ್ಲಿ ಎರಡೂ ಪ್ರದೇಶಗಳಿಗೆ ಮಾನ್ಯತೆ ಕೊಟ್ಟಿತು. ಅದಕ್ಕೆ ಪ್ರತಿಯಾಗಿ 5 ಕೋಟಿ ಡಾಲರ್ ನೆರವು ಕೇಳಿತ್ತು ಎಂದು ರಷ್ಯಾದ ಪತ್ರಿಕೆ ಕೊಮ್ಮೆರ್ಸಾಂತ್ ವರದಿ ಮಾಡಿತ್ತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ನೌರುವಿಗೂ ಒಂದು ಮತ, ಚೀನಾಕ್ಕೂ ಒಂದೇ ಮತ. ಎಣಿಕೆಯೇ ಮುಖ್ಯವಾದ ಆಟದಲ್ಲಿ ಪುಟ್ಟ ದ್ವೀಪಕ್ಕೆ ಇದಕ್ಕಿಂತ ಬೆಲೆಬಾಳುವ ಸರಕು ಬೇರೇನಿದೆ?

2011ರಲ್ಲಿ ವನುವಾಟು ಅಬ್ಖಾಜಿಯಾಕ್ಕೆ ಮಾನ್ಯತೆ ಕೊಟ್ಟಿತು. ಅದೊಂದು ಪ್ರಹಸನದಂತೆಯೇ ಇತ್ತು. ಸುದ್ದಿ ಬಂದಾಗ ವಿಶ್ವಸಂಸ್ಥೆಯಲ್ಲಿದ್ದ ಅದರ ಪ್ರತಿನಿಧಿಯೇ ಅಲ್ಲಗಳೆದರು, ತವರಿನ ಸರ್ಕಾರ ಹೌದೆಂದಿತು. ಅದೇ ವರ್ಷ ತುವಾಲು ಕೂಡ ಸಾಲಿಗೆ ಸೇರಿತು.

ಈ ದ್ವೀಪಗಳ ವಿಷಯದಲ್ಲಿ ಜಾರ್ಜಿಯಾ ಕಡಿಯುವ ಬದಲು ಕಟ್ಟುವ ದಾರಿ ಹಿಡಿಯಿತು. ಜಾರ್ಜಿಯಾದ ರಾಯಭಾರಿಯೇ ಇಲ್ಲದ ಕಡೆ ಯಾರನ್ನು ವಾಪಸ್ ಕರೆಸುವುದು? 2013ರಲ್ಲಿ ವನುವಾಟು ಜೊತೆ ಹೊಸದಾಗಿ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಅಬ್ಖಾಜಿಯಾ ಜಾರ್ಜಿಯಾದ ಭಾಗ ಎಂದು ವನುವಾಟು ಆಗ ಒಪ್ಪಿಕೊಂಡಿತು. 2014ರ ಮಾರ್ಚ್ 31ರಂದು ತುವಾಲು ಕೂಡ ಸಹಿ ಹಾಕಿ ಮಾನ್ಯತೆ ಹಿಂತೆಗೆದುಕೊಂಡಿತು. ಕೊಟ್ಟ ಮಾನ್ಯತೆಯನ್ನು ಹೀಗೆ ವಾಪಸ್ ಪಡೆಯಬಹುದೇ ಎಂಬ ಬಗ್ಗೆ ಕಾನೂನು ತಜ್ಞರಲ್ಲಿ ಒಮ್ಮತವಿಲ್ಲ, ಆದರೆ ಪಡೆದದ್ದಂತೂ ನಡೆದುಹೋಯಿತು. ವಿಶ್ವಸಂಸ್ಥೆಯ ಒಟ್ಟು ಏಳು ಸದಸ್ಯ ದೇಶಗಳು ಒಂದಲ್ಲ ಒಂದು ಹೊತ್ತಿನಲ್ಲಿ ಗುರುತಿಸಿದವು, ಅದರಲ್ಲಿ ಎರಡು ಹಿಂದೆ ಸರಿದವು. ಸಿರಿಯಾ ಕಟ್ಟಕಡೆಗೆ ಬಂದದ್ದು. ಏಳು ವರ್ಷ ಹೊಸಬರಾರೂ ಇಲ್ಲದೆ ನಿಂತಿದ್ದ ಎಣಿಕೆ ಮತ್ತೆ ಅಲುಗಾಡಿತ್ತು. ಆ ಅವಸರದ ಅರ್ಥ ಈಗ ಸ್ಪಷ್ಟವಾಗಬಹುದು.

ಒಪ್ಪಿದವರೇ ಹೆಚ್ಚಾದರೆ: ಸರ್ಬಿಯಾದ ಪಾಡು

ಒಪ್ಪಿದವರು ಬೆರಳೆಣಿಕೆಯಷ್ಟಿದ್ದಾಗ ಸಂಬಂಧ ಕಡಿಯುವುದು ಸುಲಭ. 2008ರ ಫೆಬ್ರುವರಿ 17ರಂದು, ಸರ್ಬಿಯಾದ ಪ್ರಾಂತವಾಗಿದ್ದ ಕೊಸೊವೊ ಸ್ವಾತಂತ್ರ್ಯ ಘೋಷಿಸಿದಾಗ ಸರ್ಬಿಯಾದ ಎದುರು ಇದ್ದವರು ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ. ಅದು ಸೇರಬೇಕೆಂದಿದ್ದ ಐರೋಪ್ಯ ಒಕ್ಕೂಟದ ಬಹುಪಾಲು ಸದಸ್ಯರೂ ಅವರ ಜೊತೆಗಿದ್ದರು. ಎಲ್ಲರೊಂದಿಗೂ ಮುರಿದುಕೊಂಡರೆ ಉಳಿಯುವವರಾರು? ಸರ್ಬಿಯಾ ರಾಯಭಾರಿಗಳನ್ನು ವಾಪಸ್ ಕರೆಸಿತು, ಕೆಲವೇ ತಿಂಗಳಲ್ಲಿ ಐರೋಪ್ಯ ರಾಜಧಾನಿಗಳಿಗೆ ಅವರನ್ನು ಮತ್ತೆ ಕಳಿಸತೊಡಗಿತು. ಅಕ್ಟೋಬರ್‌ನಲ್ಲಿ ನೆರೆಯ ಮಾಂಟೆನೆಗ್ರೊ ಮತ್ತು ಮ್ಯಾಸಿಡೋನಿಯಾ ಮಾನ್ಯತೆ ಕೊಟ್ಟಾಗ ಮಾತ್ರ ಅವುಗಳ ರಾಯಭಾರಿಗಳನ್ನು ಹೊರಹಾಕಿತು. ಅಮೆರಿಕದ ಮೇಲೆ ತೋರಿಸಲಾಗದ ಸಿಟ್ಟು ಪಕ್ಕದ ಪುಟ್ಟ ದೇಶಗಳ ಮೇಲೆ ಎಂದು ಯಾರಾದರೂ ಅಂದುಕೊಂಡರೆ ತಪ್ಪಲ್ಲ.

ಸರ್ಬಿಯಾ ಕೋರ್ಟಿನ ದಾರಿಯನ್ನೂ ಹಿಡಿಯಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಮೂಲಕ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿಸಿತು. 2010ರ ಜುಲೈ 22ರಂದು ಬಂದ ಉತ್ತರ ಅದಕ್ಕೆ ತಿರುಗುಬಾಣವಾಯಿತು. ಸ್ವಾತಂತ್ರ್ಯದ ಘೋಷಣೆ ಅಂತರರಾಷ್ಟ್ರೀಯ ಕಾನೂನನ್ನು ಉಲ್ಲಂಘಿಸಿಲ್ಲ ಎಂದಿತು ನ್ಯಾಯಾಲಯ. ಕೊಸೊವೊ ಒಂದು ದೇಶವೇ, ಅಲ್ಲವೇ ಎಂಬ ಪ್ರಶ್ನೆಗೆ ಮಾತ್ರ ಅದು ಕೈಹಾಕಲಿಲ್ಲ. ಐರೋಪ್ಯ ಒಕ್ಕೂಟದ ಐದು ದೇಶಗಳು (ಸ್ಪೇನ್, ಗ್ರೀಸ್, ಸೈಪ್ರಸ್, ರೊಮೇನಿಯಾ, ಸ್ಲೊವಾಕಿಯಾ) ಕೊಸೊವೊವನ್ನು ಗುರುತಿಸಿಲ್ಲ. ಕೆಟಲೋನಿಯಾದ ಚಿಂತೆಯಿರುವ ಸ್ಪೇನ್‌ಗೂ, ಉತ್ತರ ಭಾಗ ಕಳೆದುಕೊಂಡಿರುವ ಸೈಪ್ರಸ್‌ಗೂ ಕಾರಣ ಹುಡುಕಬೇಕಾಗಿಲ್ಲ.

ನಾವೇ ಮಾನ್ಯತೆ ಕೊಟ್ಟಾಗ

ಭಾರತ ಈ ಕಥೆಯ ಇನ್ನೊಂದು ತುದಿಯಲ್ಲೂ ನಿಂತಿತ್ತು. 1971ರ ಡಿಸೆಂಬರ್ 6ರಂದು ಬಾಂಗ್ಲಾದೇಶಕ್ಕೆ ಭಾರತ ಮಾನ್ಯತೆ ಘೋಷಿಸಿತು. ಯುದ್ಧ ಶುರುವಾಗಿ ಮೂರು ದಿನವಾಗಿತ್ತಷ್ಟೆ. ಪಾಕಿಸ್ತಾನ ಅದೇ ದಿನ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಮುಂದೆ 1976ರವರೆಗೆ ದೆಹಲಿ–ಇಸ್ಲಾಮಾಬಾದ್ ನಡುವಿನ ಕೆಲಸ ನೋಡಿಕೊಂಡದ್ದು ಆಗಲೂ ಸ್ವಿಟ್ಜರ್‌ಲೆಂಡೇ. ಬ್ರಿಟನ್ ಮತ್ತಿತರ ದೇಶಗಳು ಮಾನ್ಯತೆಗೆ ಮುಂದಾದಾಗ, 1972ರ ಜನವರಿಯಲ್ಲಿ, ಪಾಕಿಸ್ತಾನ ಬ್ರಿಟನ್ ಮತ್ತು ಅದರ ಹಳೆಯ ವಸಾಹತುಗಳ ಕಾಮನ್‌ವೆಲ್ತ್ ಕೂಟವನ್ನೇ ತೊರೆಯಿತು. ಆ ವರ್ಷ ಬಾಂಗ್ಲಾದೇಶದ ವಿಶ್ವಸಂಸ್ಥೆ ಸದಸ್ಯತ್ವಕ್ಕೆ ಚೀನಾ ವೀಟೊ ಹಾಕಿತು. ಆದರೂ ಪ್ರವಾಹ ನಿಲ್ಲಲಿಲ್ಲ. ಒಂದಾದ ಮೇಲೊಂದು ದೇಶ ಒಪ್ಪುತ್ತಾ ಹೋಯಿತು. ಎಲ್ಲರೊಂದಿಗೂ ಮುನಿಸಿಕೊಂಡು ಕೂರಲು ಪಾಕಿಸ್ತಾನಕ್ಕೆ ಸಾಧ್ಯವಾಗಲಿಲ್ಲ. 1974ರ ಫೆಬ್ರುವರಿಯಲ್ಲಿ ತಾನೇ ಮಾನ್ಯತೆ ಕೊಟ್ಟಿತು.

ಬಾಂಗ್ಲಾದೇಶಕ್ಕೂ ಅಬ್ಖಾಜಿಯಾಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು. ಅಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಜನ ಬೇರೆಯಾಗಿದ್ದರು, 1970ರ ಚುನಾವಣೆಯ ತೀರ್ಪು ಅವರ ಕೈಯಲ್ಲಿತ್ತು. ಇಲ್ಲಿ ಪುಟ್ಟ ಪ್ರದೇಶಗಳು, ಹೊರಹಾಕಲ್ಪಟ್ಟ ದೊಡ್ಡ ಜನಸಂಖ್ಯೆ, ಬೆನ್ನಿಗೆ ಒಂದೇ ಬಲಿಷ್ಠ ದೇಶ. ಇಂದು ಕೊಸೊವೊವನ್ನೂ ಗುರುತಿಸದ ಭಾರತ ಅಂದು ಹಾಗೆ ನಡೆದುಕೊಂಡದ್ದು ದ್ವಂದ್ವವಲ್ಲವೇ ಎಂದು ಕೇಳುವವರಿದ್ದಾರೆ. ಮಾನ್ಯತೆ ಪ್ರತಿ ದೇಶದ ರಾಜಕೀಯ ತೀರ್ಮಾನ ಎಂದು ಮೇಲೆ ಹೇಳಿದ್ದು ಇದನ್ನೇ.

ಅಲ್ಲಿ ಬದುಕುವವರಿಗೆ, ಇಲ್ಲಿಂದ ಹೋಗುವವರಿಗೆ

ಸರ್ಕಾರಗಳ ಈ ಪಟ್ಟುಗಳ ಭಾರ ಬೀಳುವುದು ಅಲ್ಲಿನ ಜನರ ಮೇಲೆ. ಅಬ್ಖಾಜಿಯಾದ ಪಾಸ್‌ಪೋರ್ಟ್ ಬಹುತೇಕ ಎಲ್ಲೂ ನಡೆಯದ ಕಾರಣ ಅಲ್ಲಿನ ಹೆಚ್ಚಿನವರು ರಷ್ಯಾದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ, ಚಲಾವಣೆಯಲ್ಲಿರುವುದು ರೂಬಲ್. ಅವರನ್ನು ಪೂರ್ತಿ ಮಾಸ್ಕೋ ಕಡೆ ತಳ್ಳಬಾರದೆಂದು ಜಾರ್ಜಿಯಾ ಯಾವ ದೇಶದ ಹೆಸರೂ ಪೌರತ್ವವೂ ಎದ್ದು ಕಾಣದ ‘ತಟಸ್ಥ’ ಪ್ರಯಾಣ ಪತ್ರಗಳನ್ನು ತಂದಿತು. ಅಮೆರಿಕ, ಜಪಾನ್ ಮುಂತಾದ ದೇಶಗಳು ಅವನ್ನು ಒಪ್ಪಿದವು. ಅಬ್ಖಾಜಿಯಾ, ದಕ್ಷಿಣ ಒಸ್ಸೇಟಿಯಾದ ಆಡಳಿತಗಳು ಮಾತ್ರ ಒಪ್ಪಲಿಲ್ಲ.

ಭಾರತದಿಂದ ವೈದ್ಯಕೀಯ ಓದಲು ಸಾವಿರಾರು ವಿದ್ಯಾರ್ಥಿಗಳು ಜಾರ್ಜಿಯಾಕ್ಕೆ ಹೋಗುತ್ತಾರೆ, ಕನ್ನಡದ ಮಕ್ಕಳೂ ಇದ್ದಾರೆ. ಅವರಿಗೆ ಈ ವಿಷಯ ಪುಸ್ತಕದ ಬದನೆಕಾಯಿಯಲ್ಲ. ಆಕ್ರಮಿತ ಪ್ರದೇಶಗಳ ಕಾನೂನಿನ ಪ್ರಕಾರ ವಿದೇಶಿಯರು ಅಬ್ಖಾಜಿಯಾಕ್ಕೆ ಜಾರ್ಜಿಯಾದ ಜುಗ್ದಿದಿ ಕಡೆಯಿಂದ, ದಕ್ಷಿಣ ಒಸ್ಸೇಟಿಯಾಕ್ಕೆ ಗೋರಿ ಕಡೆಯಿಂದ ಮಾತ್ರ ಪ್ರವೇಶಿಸಬಹುದು. ರಷ್ಯಾದ ಸೋಚಿಗೆ ಹೋದವರು ಪಕ್ಕದಲ್ಲೇ ಇದೆಯಲ್ಲ ಎಂದು ಪ್ಸೊವು ನದಿ ದಾಟಿ ಅಬ್ಖಾಜಿಯಾದ ಕಡಲತೀರ ನೋಡಿಬಂದರೆ, ಜಾರ್ಜಿಯಾದ ಲೆಕ್ಕದಲ್ಲಿ ಅದು ಗಡಿ ಉಲ್ಲಂಘನೆ. ದಂಡ ಬೀಳಬಹುದು, ಜೈಲೂ ಆಗಬಹುದು. ಅಲ್ಲಿ ಜಾರ್ಜಿಯಾದ ಕಾನೂನು ಮೀರಿ ಕೊಂಡ ಮನೆ, ನಿವೇಶನದ ಪತ್ರಕ್ಕೂ ಟಿಬಿಲಿಸಿಯಲ್ಲಿ ಬೆಲೆಯಿಲ್ಲ. 2025ರಲ್ಲಿ ಅಬ್ಖಾಜಿಯಾದ ಮುಖ್ಯ ಪಟ್ಟಣ ಸುಖುಮಿಯ ವಿಮಾನ ನಿಲ್ದಾಣಕ್ಕೆ ರಷ್ಯಾದಿಂದ ವಿಮಾನಗಳು ಮತ್ತೆ ಬರತೊಡಗಿವೆ. ಟಿಕೆಟ್ ಸಿಗುತ್ತದೆ ಎಂದ ಮಾತ್ರಕ್ಕೆ ಆ ದಾರಿಯಲ್ಲಿ ಹೋದವರು ಮುಂದೆ ಟಿಬಿಲಿಸಿಗೆ ಬಂದಿಳಿದಾಗ ಇದೇ ಕಾನೂನಿನ ಪ್ರಶ್ನೆ ಎದುರಾಗಬಹುದು.